ಸ್ಟೆಪ್ನಿ ಮರೆತ ಬಂಪರ್: ತೋಟದ ಜಿಪ್ಸಿಯೊಂದರ ಪ್ರಕರಣ

ಕೊಕ್ಕೆ ಹಾರಿದ್ದನ್ನು ನಾನು ನೋಡಲಿಲ್ಲ. ಸದ್ದು ಮಾತ್ರ ಕೇಳಿದೆ.

ಜುಲೈ ತಿಂಗಳ ಮಳೆ. ಮೂಡಿಗೆರೆ ಹತ್ತಿರ ಭಾವನ ಕಾಫಿ ತೋಟ. ಗೊಬ್ಬರ ತುಂಬಿದ ಪಿಕಪ್ ಒಂದು ತಿರುವಿನಲ್ಲಿ ಆಕ್ಸಲ್ ತನಕ ಹೂತುಹೋಗಿತ್ತು. ತೋಟದ ಜಿಪ್ಸಿಯನ್ನು ಅದರ ಮುಂದೆ ನಿಲ್ಲಿಸಿ, ಹಿಂದಿನ ಬಂಪರಿನ ಕೊಕ್ಕೆಗೆ ಹಗ್ಗ ಕಟ್ಟಿ ಎಳೆದರು. ಮೊದಲ ಸಲ ಹಗ್ಗ ಬಿಗಿಯಾಯಿತು, ಪಿಕಪ್ ಅಲುಗಲಿಲ್ಲ. ಎರಡನೇ ಸಲ ಜಿಪ್ಸಿಯನ್ನು ಸ್ವಲ್ಪ ಹಿಂದೆ ತಂದು, ಓಡಿಸಿಕೊಂಡು ಹೋಗಿ ಜಗ್ಗಿದರು. ಢಬ್ ಅಂತ ಸದ್ದು. ಬಂಪರಿನ ಒಂದು ತುದಿ ಕಿತ್ತು ನೇತಾಡುತ್ತಿತ್ತು. ಕೊಕ್ಕೆ ಹಗ್ಗದ ಜೊತೆ ಹಾರಿ ಪಿಕಪ್ಪಿನ ಬಾನೆಟ್ಟಿಗೆ ಬಡಿದಿತ್ತು. ಬಾನೆಟ್ಟಿನ ಮೇಲೆ ಮುಷ್ಟಿಯಷ್ಟು ಗುಳಿ. ಅಲ್ಲಿಂದ ಗಾಜಿಗೆ ಒಂದು ಗೇಣು ಇತ್ತು, ಗಾಜಿನ ಹಿಂದೆ ಡ್ರೈವರ್ ಕೂತಿದ್ದ.

ಕೊನೆಗೆ ಪಕ್ಕದ ತೋಟದ ಟ್ರ್ಯಾಕ್ಟರ್ ಬಂತು. ರಾತ್ರಿ ಊಟಕ್ಕೆ ಕೂತಾಗ ಭಾವ ಹೇಳಿದರು: "ಹೊಸ ಬಂಪರ್ ಮಾಡಿಸು ಮಾರಾಯ, ಗಟ್ಟಿಯದ್ದು. ಆದರೆ ಎಂಟು ಸಾವಿರದ ಮೇಲೆ ಒಂದು ರೂಪಾಯಿ ನಾನು ಕೊಡಲ್ಲ."

ಗಾಡಿ 2005ರ ಮಾರುತಿ ಜಿಪ್ಸಿ ಕಿಂಗ್. ಜಿಪ್ಸಿ ನಮ್ಮ ದೇಶದಲ್ಲಿ 1985ರ ಕೊನೆಗೆ ಬಂದಿದ್ದು, ಆಗ 970 ಸಿಸಿ ಎಂಜಿನ್. 1996ರಲ್ಲಿ 1298 ಸಿಸಿಯ ಕಿಂಗ್ ಬಂತು. 2019ರ ಹೊತ್ತಿಗೆ ಸಾಮಾನ್ಯ ಗಿರಾಕಿಗಳಿಗೆ ಮಾರೋದು ನಿಂತಿತು. ಅಡಿಯಲ್ಲಿ ಏಣಿಯಂಥ ಚೌಕಟ್ಟು (ಅದೇ ಚಾಸಿ), ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಹೆಚ್ಚುಕಮ್ಮಿ ಒಂದು ಟನ್ ತೂಕ. ತೂಕ ಕಡಿಮೆ ಅನ್ನೋದೇ ಇದರ ದೊಡ್ಡ ಗುಣ. ಭಾರದ ಜೀಪುಗಳು ಹೂತುಕೊಳ್ಳುವ ಜಾಗದಲ್ಲಿ ಇದು ಮೇಕೆ ಹಾಗೆ ದಾಟಿಬಿಡುತ್ತದೆ. ಬಂಪರಿನ ಲೆಕ್ಕಾಚಾರಕ್ಕೆ ಈ ವಿಷಯ ಮುಖ್ಯ, ಮುಂದೆ ಬರುತ್ತದೆ.

ಮರುದಿನ ಬೆಳಿಗ್ಗೆ ಕಿತ್ತುಬಂದ ತುಂಡನ್ನು ಕಣದಲ್ಲಿಟ್ಟು ತೊಳೆದು ನೋಡಿದೆ. ಇಡೀ ಕೆಲಸದಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಅದೇ ಅನ್ನಬೇಕು.

ಕಂಪನಿ ಬಂಪರ್ ಯಾವ ಕಾಲದಲ್ಲೋ ಹೋಗಿತ್ತು. ಹಿಂದಿನ ಮಾಲೀಕರು ಯಾರೋ ಎರಡು ಇಂಚಿನ ಜಿಐ ಪೈಪ್ ಹಾಕಿಸಿದ್ದರು. ಹೌದು, ನೀರಿನ ಪೈಪೇ. ಅದರ ಎರಡೂ ತುದಿಗೆ ತೆಳು ಪಟ್ಟಿ ವೆಲ್ಡ್ ಮಾಡಿ, ಆ ಪಟ್ಟಿಯನ್ನು ಹಿಂದಿನ ಅಡ್ಡ ತಗಡಿಗೆ ಎರಡೆರಡು ಸಣ್ಣ ಬೋಲ್ಟಿನಲ್ಲಿ ಕೂರಿಸಿದ್ದರು. ಪೈಪಿನ ನಟ್ಟನಡುವೆ ಒಂದು ಕೊಕ್ಕೆ. ಮೇಲೆ ಕಪ್ಪು ಬಣ್ಣ. ದೂರದಿಂದ ನೋಡಿದರೆ ಭರ್ಜರಿಯಾಗಿಯೇ ಇತ್ತು.

ಮುರಿದ ಜಾಗ ನೋಡಿದರೆ ಬೆಸುಗೆಯ ಮೂರನೇ ಒಂದು ಭಾಗ ಮಾತ್ರ ಹೊಳೆಯುತ್ತಿತ್ತು. ಉಳಿದದ್ದು ಸ್ಪಂಜಿನ ಹಾಗೆ ತೂತು ತೂತು. ಅಂದರೆ ಇಷ್ಟು ವರ್ಷ ಹಿಡಿದುಕೊಂಡಿದ್ದು ಆ ಮೂರನೇ ಒಂದು ಭಾಗ ಮಾತ್ರ. ಕಾರಣ ಸರಳ. ಜಿಐ ಪೈಪಿನ ಮೇಲೆ ಸತುವಿನ ಲೇಪ ಇರುತ್ತದೆ. ಸತು 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಕಬ್ಬಿಣ ಕರಗೋದು 1500 ಡಿಗ್ರಿ ಆಸುಪಾಸಿನಲ್ಲಿ. ಹಾಗಾಗಿ ವೆಲ್ಡ್ ಮಾಡುವಾಗ ಸತುವಿನ ಆವಿ ಕರಗಿದ ಲೋಹದೊಳಗೆ ಗುಳ್ಳೆ ಎಬ್ಬಿಸುತ್ತದೆ. ಲೇಪವನ್ನು ಉಜ್ಜಿ ತೆಗೆಯದೆ ಬೆಸೆದರೆ ಹೀಗೇ ಆಗೋದು. ಆ ಹೊಗೆ ಕುಡಿದ ವೆಲ್ಡರಿಗೆ ರಾತ್ರಿ ಚಳಿಜ್ವರ ಬರೋದು ಬೇರೆ.

ಆದರೆ ಬೆಸುಗೆಯೊಂದನ್ನೇ ದೂರಿದರೆ ತಪ್ಪಾಗುತ್ತದೆ. ಬೆಸುಗೆ ಚೆನ್ನಾಗಿದ್ದರೂ ಇದು ಇನ್ನೊಂದು ದಿನ ಕೀಳುತ್ತಿತ್ತು, ಯಾಕೆಂದರೆ ಕೊಕ್ಕೆ ಇದ್ದ ಜಾಗವೇ ಸರಿ ಇರಲಿಲ್ಲ. ನಡುವೆ ಜಗ್ಗಿದರೆ ಪೈಪು ಬಿಲ್ಲಿನ ಹಾಗೆ ಬಾಗುತ್ತದೆ. ಕೊಕ್ಕೆ ಪೈಪಿನ ಕೆಳಗೆ ನೇತಾಡುತ್ತಿದ್ದರಿಂದ ತಿರುಚುತ್ತದೆ ಕೂಡ. ಆ ಬಾಗು, ಆ ತಿರುಚು ಎರಡೂ ಹೋಗಿ ಸೇರೋದು ತುದಿಯ ತೆಳು ಪಟ್ಟಿಗೆ. ಎಳೆಯುವ ಭಾರ ಹೊರಬೇಕಾದ ಚಾಸಿಯ ಎರಡು ಉದ್ದ ಹಳಿಗಳಿಗೆ ನೇರವಾಗಿ ಏನೂ ತಲುಪುತ್ತಲೇ ಇರಲಿಲ್ಲ.

ಭಾರ ಎಷ್ಟು ಅಂತ ಒಂದು ಒರಟು ಲೆಕ್ಕ ಹಾಕಿದೆ. ಒಂದು ಟನ್ನಿನ ಗಾಡಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೋಗಿ, ಹಗ್ಗ 30 ಸೆಂಟಿಮೀಟರ್ ಹಿಗ್ಗುವಷ್ಟರಲ್ಲಿ ನಿಂತರೆ, ಹಗ್ಗದ ಮೇಲೆ ಬೀಳುವ ಎಳೆತ ಎರಡೂವರೆ ಟನ್ ದಾಟುತ್ತದೆ. ಹಗ್ಗ 60 ಸೆಂಟಿಮೀಟರ್ ಹಿಗ್ಗಿದರೆ ಅದು ಅರ್ಧಕ್ಕಿಳಿಯುತ್ತದೆ. ಸರಪಳಿ ಕಟ್ಟಿ ಜಗ್ಗಿದರೆ ಎಷ್ಟಾಗಬಹುದು ಅಂತ ನೀವೇ ಯೋಚಿಸಿ. ಸರಪಳಿ ಹಿಗ್ಗೋದೇ ಇಲ್ಲ ಅಲ್ವಾ.

ಇಷ್ಟು ಆದಮೇಲೆ ಮಾರುಕಟ್ಟೆ ಕಡೆ ನೋಡಿದೆವು. ಬೆಂಗಳೂರಿನ ಜೆಸಿ ರಸ್ತೆಗೆ ಹೋಗಿ ವಿಚಾರಿಸಿದೆ, ಫೋನಿನಲ್ಲೂ ಎರಡು ಮೂರು ಕಡೆ ಕೇಳಿದೆ. ರೆಡಿಮೇಡ್ ಉಕ್ಕಿನ ಬಂಪರಿಗೆ ಸಿಕ್ಕ ಬೆಲೆ 22,000 ರೂಪಾಯಿ, ಸಾಗಣೆ ಬೇರೆ. ಚಂದವೇನೋ ಇತ್ತು. ತೂಕ ಕೇಳಿದೆ, 40 ಕೆಜಿ ಅಂದರು. ಅಲ್ಲಿಗೇ ಬೇಡ ಅನಿಸಿತು.

ಯಾಕೆ ಅಂದರೆ, ಬಂಪರ್ ಕೂರೋದು ಹಿಂದಿನ ಆಕ್ಸಲಿನ ಆಚೆ. ತಕ್ಕಡಿಯ ಹಾಗೆ, ಹಿಂದೆ ಹೇರಿದ ಭಾರ ಮುಂದಿನ ಚಕ್ರವನ್ನು ಎತ್ತುತ್ತದೆ. ಜಿಪ್ಸಿಯ ಎರಡು ಆಕ್ಸಲ್‌ಗಳ ನಡುವೆ 2375 ಮಿಲಿಮೀಟರ್. ಬಂಪರ್ ಹಿಂದಿನ ಆಕ್ಸಲಿಂದ 70 ಸೆಂಟಿಮೀಟರ್ ಹಿಂದಿದ್ದರೆ, 40 ಕೆಜಿ ಬಂಪರ್ ಮುಂದಿನ ಚಕ್ರಗಳಿಂದ ಸುಮಾರು 12 ಕೆಜಿ ಕಿತ್ತುಕೊಳ್ಳುತ್ತದೆ, ಹಿಂದಿನ ಸ್ಪ್ರಿಂಗಿಗೆ 52 ಕೆಜಿ ಹೇರುತ್ತದೆ. ಕೆಸರಿನ ಏರಿನಲ್ಲಿ ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗೋದು ಇಂಥ ಕಾರಣಕ್ಕೇ. ಹಗುರ ಗಾಡಿಗೆ ಭಾರದ ಬಂಪರ್ ಹಾಕೋದು ಅಂದರೆ ಅದರ ಗುಣವನ್ನೇ ಮಾರಿಕೊಂಡ ಹಾಗೆ.

ಹಾಗಾಗಿ ನಾನು ಭಾವನ ಮುಂದಿಟ್ಟ ಮಾತು ಒಂದೇ. ನಮಗೆ ಬೇಕಾದ್ದು ಬಂಪರ್ ಅಲ್ಲ, ಎಳೆಯೋಕೆ ಎರಡು ಗಟ್ಟಿ ಜಾಗ. ಕಾಸು ಅಲ್ಲಿಗೆ ಹಾಕೋಣ. ಅವುಗಳ ನಡುವಿನ ಕಂಬಿ ಸಾಧಾರಣದ್ದೇ ಇರಲಿ.

ಕಾನೂನಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಯಾರೂ ಮೊದಲು ಯೋಚಿಸಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕಿದವರ ಮೇಲೆ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಎಲ್ಲ ರಾಜ್ಯಗಳಿಗೂ ಬರೆದಿತ್ತು. 2019ರ ತಿದ್ದುಪಡಿಯಲ್ಲಿ ದಂಡ ಇನ್ನೂ ಬಿಗಿಯಾಯಿತು. ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ, ಆರು ತಿಂಗಳವರೆಗೆ ಜೈಲೂ ಆಗಬಹುದು. ನಮ್ಮ ಬಂಪರಿನ ಬಜೆಟ್ಟೇ ಎಂಟು ಸಾವಿರ!

ಭಾವನ ಜಿಪ್ಸಿ ತೋಟದ ಗೇಟು ದಾಟೋದೇ ಅಪರೂಪ. ಪೇಟೆಗೆ ಬೇರೆ ಕಾರಿದೆ. ಆದರೂ ಮೂರು ವಿಷಯ ಗಟ್ಟಿ ಮಾಡಿಕೊಂಡೆವು. ಚಾಸಿಗೆ ಏನನ್ನೂ ವೆಲ್ಡ್ ಮಾಡಬಾರದು, ಎಲ್ಲ ಬೋಲ್ಟಿನಲ್ಲೇ ಕೂರಬೇಕು, ಎಂಟು ಬೋಲ್ಟ್ ಬಿಚ್ಚಿದರೆ ಕೈಗೆ ಬರಬೇಕು. ಬಾಡಿಗಿಂತ ಒಂದು ಇಂಚೂ ಆಚೆ ಚಾಚಬಾರದು. ಲೈಟು, ನಂಬರ್ ಪ್ಲೇಟು, ರಿಫ್ಲೆಕ್ಟರ್ ಯಾವುದೂ ಮುಚ್ಚಬಾರದು. ಗುಜರಿಯಲ್ಲಿ ಸಿಕ್ಕ ಹಳೇ ಕಂಪನಿ ಬಂಪರನ್ನೂ ತಂದಿಟ್ಟುಕೊಂಡೆವು. ಅದನ್ನು ಭಾವ ಬೇರೆ ಲೆಕ್ಕದಲ್ಲಿ ಬರೆದುಕೊಂಡರು. ರಸ್ತೆಗೆ ಇಳಿಯಬೇಕಾದಾಗ, ಆರ್‌ಸಿ ನವೀಕರಣಕ್ಕೆ ಹೋಗುವಾಗ, ಅದೇ ಹಾಕಬೇಕು. ದಿನವೂ ರಸ್ತೆಯಲ್ಲಿ ಓಡುವ ಗಾಡಿಗೆ ಇದನ್ನು ನೋಡಿಕೊಂಡು ಮಾಡಿಸಬೇಡಿ.

ಸಾಮಾನಿಗೆ ಹಾಸನದ ಗುಜರಿ ಅಂಗಡಿಗೆ ಹೋದೆವು. ಕಂಬಿಗೆ ಸಿ ಚಾನಲ್ಲೋ ನಾಲ್ಕೂ ಬದಿ ಮುಚ್ಚಿದ ಬಾಕ್ಸ್ ಪೈಪೋ ಅಂತ ಒಂದು ಗಂಟೆ ವಾದ ನಡೆಯಿತು. ವೆಲ್ಡರ್ ಮೇಸ್ತ್ರಿಗೆ ಚಾನಲ್ ಇಷ್ಟ. ಒಂದು ಬದಿ ತೆರೆದಿರುತ್ತದೆ, ನೀರು ನಿಲ್ಲಲ್ಲ, ತುಕ್ಕು ಕಣ್ಣಿಗೆ ಕಾಣುತ್ತದೆ. ಮಲೆನಾಡಿನ ಮಳೆಗೆ ಅದು ಸರಿಯಾದ ಮಾತೇ. ಆದರೆ ಒಂದೇ ಕೊಕ್ಕೆಯಿಂದ ಓರೆಯಾಗಿ ಎಳೆದಾಗ ಕಂಬಿ ತಿರುಚುತ್ತದೆ. ತಿರುಚೋದಕ್ಕೆ ಚಾನಲ್ ಬೇಗ ಬಗ್ಗುತ್ತದೆ, ಬಾಕ್ಸ್ ತಡೆಯುತ್ತದೆ. ಕೊನೆಗೆ 100 x 50 ಎಂಎಂ ಬಾಕ್ಸ್, 3 ಎಂಎಂ ದಪ್ಪ, 1.35 ಮೀಟರ್ ಉದ್ದ ತೆಗೆದುಕೊಂಡೆವು. ಸುಮಾರು 9 ಕೆಜಿ. ಮೇಸ್ತ್ರಿಯ ಮಾತಿಗೆ ಮರ್ಯಾದೆ ಕೊಟ್ಟು ಅಡಿಯಲ್ಲಿ ನೀರಿಳಿಯಲು ಮೂರು ತೂತು ಅಂತ ಒಪ್ಪಂದವಾಯಿತು. ಜೊತೆಗೆ 8 ಎಂಎಂ ಪ್ಲೇಟಿನ ತುಂಡು ಕಂಬಿಯನ್ನು ಚಾಸಿಗೆ ಹಿಡಿಸುವ ಬ್ರಾಕೆಟ್ಟಿಗೆ, 16 ಎಂಎಂ ಪ್ಲೇಟಿನ ತುಂಡು ಕಿವಿಗೆ. ಶ್ಯಾಕಲ್ (ಅಡ್ಡಪಿನ್ನಿರುವ ಯು ಆಕಾರದ ಕೊಂಡಿ) ಹಾಕುವ ತೂತಿನ ಪಟ್ಟಿಯನ್ನು ನಾವು ಕಿವಿ ಅಂತಲೇ ಕರೆದೆವು.

ಈ ಕಿವಿಯದ್ದೇ ಮುಖ್ಯ ಕಥೆ. ಸಾಮಾನ್ಯವಾಗಿ ಕಿವಿಯನ್ನು ಕಂಬಿಯ ಹೊರಮುಖಕ್ಕೆ ತಂದು ಅಂಟಿಸಿದ ಹಾಗೆ ಬೆಸೆಯುತ್ತಾರೆ. ಆಗ ಎಳೆತವೆಲ್ಲ ಆ ಒಂದು ಬೆಸುಗೆಯ ಗೆರೆ ಮೇಲೆ, 3 ಎಂಎಂ ತಗಡಿನ ಮೇಲೆ. ನಾವು ಬಾಕ್ಸಿನ ಎರಡೂ ಮುಖದಲ್ಲಿ ಸೀಳು ಕೊರೆದು, ಕಿವಿಯನ್ನು ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆ ಹೊರಗೆ ತಂದೆವು. ಹಿಂದೆಯೂ ಬೆಸುಗೆ, ಮುಂದೆಯೂ ಬೆಸುಗೆ. ಮುಂದೆ ಹೊರಬಂದ ಬಾಲವನ್ನು ನೇರವಾಗಿ ಬ್ರಾಕೆಟ್ಟಿನ ಪ್ಲೇಟಿಗೇ ಸೇರಿಸಿದೆವು. ಹೀಗಾದರೆ ಶ್ಯಾಕಲಿಂದ ಕಿವಿಗೆ, ಕಿವಿಯಿಂದ ಬ್ರಾಕೆಟ್ಟಿಗೆ, ಬ್ರಾಕೆಟ್ಟಿಂದ ಚಾಸಿಗೆ ಎಳೆತ ಒಂದೇ ಗೆರೆಯಲ್ಲಿ ಹೋಗುತ್ತದೆ. ನಡುವಿನ ಕಂಬಿಗೆ ಹೆಚ್ಚು ಕೆಲಸ ಇಲ್ಲ. ಕಿವಿಗಳು ಬರೋದು ಚಾಸಿಯ ಎರಡು ಹಳಿಗಳ ನೇರಕ್ಕೆ. ನಡುವೆ ಏನೂ ಇಲ್ಲ. ಅಲ್ಲೊಂದು ಕೊಕ್ಕೆ ಇರಲಿ ಅಂತ ಭಾವ ಎರಡು ಸಲ ಹೇಳಿದರು. ಕೊಕ್ಕೆ ಇದ್ದರೆ ಯಾರಾದರೂ ಅದಕ್ಕೇ ಕಟ್ಟುತ್ತಾರೆ ಅಂದೆ.

ಶ್ಯಾಕಲ್ 5/8 ಇಂಚಿನದ್ದು, ಮೈಮೇಲೆ 3.25 ಟನ್ ಅಂತ ಅಚ್ಚು ಇರುವಂಥದ್ದು. ಒಂದು ಟನ್ನಿನ ಗಾಡಿಗೆ ಅಷ್ಟು ಸಾಕು. ಅಚ್ಚಿಲ್ಲದ ಶ್ಯಾಕಲ್ ಅರ್ಧ ಬೆಲೆಗೆ ಸಿಗುತ್ತದೆ, ಅದರ ಕಡೆ ತಿರುಗಿಯೂ ನೋಡಬೇಡಿ. ಬೋಲ್ಟಿನದ್ದೂ ಇದೇ ಮಾತು. ತಲೆ ಮೇಲೆ 8.8 ಅಂತ ಬರೆದಿರುವ ಎಂ12, ಅಂದರೆ 12 ಎಂಎಂ ದಪ್ಪದ ಬೋಲ್ಟ್ ನೇರ ಎಳೆದರೆ ಆರು ಟನ್ನಿಗೂ ಮೇಲೆ ತಡೆಯುತ್ತದೆ. ಅಂಗಡಿಯವರು ಸುಮ್ನೆ ಡಬ್ಬದಿಂದ ತೆಗೆದುಕೊಡುವ ಸಾದಾ ಬೋಲ್ಟ್ 4.6 ದರ್ಜೆಯದ್ದಾದರೆ ಅದರ ಅರ್ಧ. ಎಂಟು ಬೋಲ್ಟಿಗೆ ಬೆಲೆಯ ವ್ಯತ್ಯಾಸ ಇನ್ನೂರು ರೂಪಾಯಿ ಒಳಗೆ.

ಜಿಪ್ಸಿಯ ಚಾಸಿ ಹಳಿ ಒಳಗೆ ಟೊಳ್ಳು. ಅದಕ್ಕೆ ಈ ಬದಿಯಿಂದ ಆ ಬದಿಗೆ ಬೋಲ್ಟ್ ತೂರಿಸಿ ಬಿಗಿದರೆ ಹಳಿ ತಗಡಿನ ಡಬ್ಬದ ಹಾಗೆ ಒಳಕ್ಕೆ ಕುಗ್ಗುತ್ತದೆ. ಇವತ್ತು ಬಿಗಿಯಾದ ಹಾಗೆ ಕಾಣುತ್ತದೆ, ತಿಂಗಳಿಗೆ ಸಡಿಲ. ಅದಕ್ಕೆ ಪ್ರತಿ ಬೋಲ್ಟಿಗೂ ಹಳಿಯೊಳಗೆ ಒಂದು ದಪ್ಪ ಪೈಪಿನ ತುಂಡು ಬೇಕು, ಹಳಿಯ ಒಳ ಅಗಲಕ್ಕೆ ಸರಿಯಾಗಿ. ಬಿಗಿತ ಆ ಪೈಪಿನ ಮೇಲೆ ಕೂರುತ್ತದೆ. ಲೇಥ್ ಅಂಗಡಿಯಲ್ಲಿ ಎಂಟು ತುಂಡು ಕತ್ತರಿಸಿಕೊಟ್ಟರು. ತೂತು ಕೊರೆದಿದ್ದು ಹಳಿಯ ಪಕ್ಕದ ಗೋಡೆಯಲ್ಲಿ ಮಾತ್ರ. ಮೇಲಿನ, ಕೆಳಗಿನ ಮುಖಗಳೇ ಬಾಗುವ ಭಾರ ಹೊರೋದು, ಅವನ್ನು ಮುಟ್ಟಬಾರದು.

ಇನ್ನೊಂದು ಮಾತು. ಜಿಪ್ಸಿಯ ಪೆಟ್ರೋಲ್ ಟ್ಯಾಂಕ್ ಇರೋದು ಹಿಂದೆ, ಕೆಲಸ ಮಾಡುವ ಜಾಗದ ಪಕ್ಕದಲ್ಲೇ. "ಒದ್ದೆ ಗೋಣಿ ಮುಚ್ಚಿ ಅಲ್ಲೇ ಎರಡು ಟಾಕ ಹಾಕ್ತೀನಿ ಸಾರ್" ಅಂದರು ಮೇಸ್ತ್ರಿ. ನಾನು ಒಪ್ಪಲಿಲ್ಲ. ಬ್ಯಾಟರಿ ಬಿಚ್ಚಿ, ಟ್ಯಾಂಕ್ ಇಳಿಸಿ ಇನ್ನೊಂದು ಶೆಡ್ಡಿಗೆ ಸಾಗಿಸಿ, ಆಮೇಲೆ ಡ್ರಿಲ್ ಹಿಡಿದೆವು. ಅರ್ಧ ದಿನ ಹೋಯಿತು. ವೆಲ್ಡಿಂಗ್ ಪೂರ್ತಿ ಗಾಡಿಯಿಂದ ದೂರ, ನೆಲದ ಮೇಲೆ. ಮಳೆಗಾಲದಲ್ಲಿ ರಾಡುಗಳು ತೇವ ಹೀರಿಕೊಂಡಿರುತ್ತವೆ ಅಂತ ಮೇಸ್ತ್ರಿ ಅವನ್ನು ಬಚ್ಚಲೊಲೆಯ ಪಕ್ಕ ಒಣಗಿಸಿದರು. ಇದನ್ನು ನಾನು ಹೇಳಿಕೊಟ್ಟಿದ್ದಲ್ಲ.

ಎತ್ತರ ಎಷ್ಟಿರಬೇಕು? ಹಳೇ ಕೊಕ್ಕೆ ನೆಲದಿಂದ 38 ಸೆಂಟಿಮೀಟರ್ ಎತ್ತರದಲ್ಲಿ, ಆಕ್ಸಲಿಂದ 75 ಸೆಂಟಿಮೀಟರ್ ಹಿಂದೆ ನೇತಾಡುತ್ತಿತ್ತು. ಟೈರಿನ ಹಿಂಬದಿಗೆ ತಾಗಿಸಿ ಕೊಕ್ಕೆಯ ತುದಿಗೆ ದಾರ ಎಳೆದರೆ ನೆಲದ ಜೊತೆ 30 ಡಿಗ್ರಿ ಕೋನ. ಅದಕ್ಕಿಂತ ಕಡಿದಾದ ದಿಣ್ಣೆ ಇಳಿದರೆ ಕೊಕ್ಕೆ ಮಣ್ಣು ಉಳುತ್ತದೆ. ತೋಟದ ಹಳ್ಳದ ದಾರಿಯಲ್ಲಿ ಆ ಗೆರೆ ಯಾವಾಗಲೂ ಇರುತ್ತಿತ್ತು. ಹೊಸದನ್ನು ಆದಷ್ಟು ಮೇಲೆ, ಆದಷ್ಟು ಒಳಗೆ ಕೂರಿಸಬೇಕು ಅಂತ ಅಡಿಕೆ ದಬ್ಬೆಯೊಂದನ್ನು ಕಂಬಿಯ ಅಳತೆಗೆ ಕತ್ತರಿಸಿ, ಹಗ್ಗದಲ್ಲಿ ಕಟ್ಟಿ ನೋಡಿದೆವು. ನೆಲದಿಂದ 50, ಆಕ್ಸಲಿಂದ 70. ದಾರದ ಕೋನ 41 ಡಿಗ್ರಿ. ಎಲ್ಲರಿಗೂ ಖುಷಿ. ಕಿವಿ, ಬ್ರಾಕೆಟ್ ಎಲ್ಲ ಪೂರ್ತಿ ಬೆಸೆದು, ತಣ್ಣಗಾದ ಮೇಲೆ ತಂದು ಕೂರಿಸಿದೆವು.

ಆಮೇಲೆ ಸ್ಟೆಪ್ನಿ ಹಾಕಿದೆವು.

ಅಳತೆ ತೆಗೆಯೋಕೆ ಅನುಕೂಲ ಅಂತ ಹಿಂಬಾಗಿಲಿನ ಸ್ಟೆಪ್ನಿಯನ್ನು ಮೊದಲ ದಿನವೇ ಬಿಚ್ಚಿ ಮೂಲೆಗೆ ಒರಗಿಸಿದ್ದೆವು. ಯಾರಿಗೂ ಅದರ ನೆನಪಿಲ್ಲ. ವಾಪಸ್ ಹಾಕಿ ಬಾಗಿಲು ತೆರೆದರೆ ಟೈರಿನ ಕೆಳಗಿನ ಅಂಚು ಕಂಬಿಗೆ ಉಜ್ಜಿಕೊಂಡು ಅಲ್ಲೇ ನಿಂತಿತು. ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ಸ್ಟೆಪ್ನಿ ಮುಖ ನೋಡಿದೆ. ಗ್ರೈಂಡರ್ ತಂದು ಕಂಬಿಯನ್ನು ಬ್ರಾಕೆಟ್ಟಿಂದ ಕತ್ತರಿಸಿ, 2 ಸೆಂಟಿಮೀಟರ್ ಕೆಳಗಿಳಿಸಿ ಮತ್ತೆ ಬೆಸೆಯಬೇಕಾಯಿತು. ಅರ್ಧ ದಿನ, 700 ರೂಪಾಯಿ. ಕೋನ 41ರಿಂದ 40ಕ್ಕೆ ಇಳಿಯಿತು. ತಪ್ಪು ಪೂರ್ತಿ ನನ್ನದೇ, ಟೇಪು ನನ್ನ ಕೈಯಲ್ಲಿತ್ತು.

ಸ್ಟೆಪ್ನಿಯನ್ನೇ ಬಾಗಿಲಿಂದ ಬಂಪರಿಗೆ ವರ್ಗಾಯಿಸಿ ಪಕ್ಕಕ್ಕೆ ತಿರುಗುವ ತೋಳು ಮಾಡಿಸೋಣ ಅಂತ ಆಗ ಒಂದು ಮಾತು ಬಂತು. ಅದಕ್ಕೆ ಬೇರಿಂಗ್ ಇರುವ ದಪ್ಪ ಗೂಟ, ಅಲುಗದ ಚಿಲಕ, ಮತ್ತೆ ಹತ್ತು ಕೆಜಿ ಕಬ್ಬಿಣ ಬೇಕು. ಕಂಪನಿ ಅಳತೆಯ ಟೈರೇ ಇರುವಾಗ ಬಾಗಿಲು ಅದನ್ನು ಹೊರುತ್ತದೆ. ಬೇಡ ಅಂತ ಬಿಟ್ಟೆವು.

ಬಣ್ಣದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಉಜ್ಜಿ, ರೆಡ್ ಆಕ್ಸೈಡ್ ಎರಡು ಕೋಟು, ಮೇಲೆ ಕಪ್ಪು ಎನಾಮಲ್. ಪೌಡರ್ ಕೋಟಿಂಗ್ ಚಂದ ಕಾಣುತ್ತದೆ, ಆದರೆ ಕಲ್ಲು ತಾಗಿ ಒಂದು ಕಡೆ ಎದ್ದರೆ ಮನೆಯಲ್ಲಿ ಸರಿಮಾಡೋಕಾಗಲ್ಲ. ಎನಾಮಲ್ ಆದರೆ ಒಂದು ಬ್ರಶ್ ಸಾಕು. ಹಳಿಯಲ್ಲಿ ಹೊಸದಾಗಿ ಕೊರೆದ ತೂತುಗಳ ಅಂಚಿಗೂ ಪ್ರೈಮರ್ ಹಚ್ಚಿದೆವು.

ಲೆಕ್ಕ ಹೀಗಾಯಿತು. ಗುಜರಿ ಕಬ್ಬಿಣ 16 ಕೆಜಿ, ಕೆಜಿಗೆ 55ರಂತೆ 880 ರೂಪಾಯಿ. ಬೋಲ್ಟ್, ನೈಲಾಕ್ ನಟ್, ವಾಷರ್ 420. ಎರಡು ಶ್ಯಾಕಲ್ 900. ಒಳಪೈಪಿನ ತುಂಡುಗಳು 300, ಕಿವಿಗೆ ತೂತು ಕೊರೆಸಿದ್ದು 250. ಮೇಸ್ತ್ರಿಯ ಎರಡು ದಿನದ ಕೂಲಿ, ರಾಡು, ಗ್ರೈಂಡರ್ ಚಕ್ರ ಸೇರಿ 3,200. ಬಣ್ಣ, ತಿನ್ನರ್ 650. ನಂಬರ್ ಪ್ಲೇಟಿನ ಲೈಟಿನ ವೈರು, ರಿಫ್ಲೆಕ್ಟರ್ ಟೇಪು 200. ಸ್ಟೆಪ್ನಿ ಮರೆತ ದಂಡ 700. ಒಟ್ಟು 7,500. ಕಾಫಿ ಮೂಟೆ ತೂಗುವ ಯಂತ್ರದ ಮೇಲಿಟ್ಟರೆ ಬಂಪರ್ 17 ಕೆಜಿ ಬಂತು. ಹಳೇ ಪೈಪಿನ ಸಂಸಾರ 10 ಕೆಜಿ ಇತ್ತು.

ಕೆಲಸಕ್ಕಿಳಿಸುವ ಮುಂಚೆ ಒಂದು ಪರೀಕ್ಷೆ ಮಾಡಿದೆವು. ದಪ್ಪ ಸಿಲ್ವರ್ ಮರವೊಂದಕ್ಕೆ ತೊಗಟೆ ಕೆಡದ ಹಾಗೆ ಗೋಣಿಚೀಲ ಸುತ್ತಿ, ಎರಡು ಟನ್ನಿನ ಚೈನ್ ಬ್ಲಾಕ್ (ಕೈಯಲ್ಲಿ ಸರಪಳಿ ಜಗ್ಗಿ ಭಾರ ಎಳೆಯುವ ರಾಟೆ) ಕಟ್ಟಿ, ಬಂಪರಿನ ಒಂದು ಕಿವಿಗೆ ಸಿಕ್ಕಿಸಿದೆವು. ಹಿಂದಿನ ಚಕ್ರಗಳಿಗೆ ಮರದ ದಿಮ್ಮಿ ಒಡ್ಡಿ ನಿಧಾನ ಎಳೆದೆವು. ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿಗೆ ಮೊದಲೇ ಬಿಳಿ ಪೇಂಟಿನ ಗೆರೆ ಎಳೆದಿದ್ದೆ. ಬೋಲ್ಟ್ ತಿರುಗಿದರೆ ಗೆರೆ ಮುರಿಯುತ್ತದೆ. ದಿಮ್ಮಿ ಮಣ್ಣಿನಲ್ಲಿ ಜರುಗಿತು, ಗಾಡಿ ಹಿಂದಕ್ಕೆ ಬಂತು, ಗೆರೆ ಹಾಗೇ ಇತ್ತು. ಇನ್ನೊಂದು ಕಿವಿಗೂ ಹೀಗೇ. ಇದು ಪ್ರಯೋಗಾಲಯದ ಪರೀಕ್ಷೆ ಅಲ್ಲ, ಜಗ್ಗಾಟದ ಹೊಡೆತ ಇದರಲ್ಲಿ ಗೊತ್ತಾಗಲ್ಲ. ಆದರೆ ದೊಡ್ಡ ತಪ್ಪಿದ್ದರೆ ಇಲ್ಲೇ ಬಾಯಿ ಬಿಡುತ್ತಿತ್ತು.

ಮುಂದಿನ ಮಳೆಗಾಲ, ಆಗಸ್ಟಿನಲ್ಲಿ, ಅದೇ ತಿರುವಿನಲ್ಲಿ ಇನ್ನೊಂದು ಪಿಕಪ್ ಹೂತಿತು. ಈ ಸಲ ಎಳೆದ ರೀತಿಯೇ ಬೇರೆ. ಎರಡೂ ಶ್ಯಾಕಲಿಗೆ ಅಗಲ ಪಟ್ಟಿ ಹಾಕಿ ವಿ ಆಕಾರದಲ್ಲಿ ಹಿಂದಕ್ಕೆ ತಂದರು. ಈ ವಿ ಉದ್ದವಾಗಿ, ಚೂಪಾಗಿರಬೇಕು. ನಡುವಿನ ಕೋನ 60 ಡಿಗ್ರಿ ಇದ್ದರೆ ವಿಯ ಒಂದೊಂದು ಕಾಲಿಗೆ ಎಳೆತದ ನೂರಕ್ಕೆ 58 ಪಾಲು ಬೀಳುತ್ತದೆ, 120 ಡಿಗ್ರಿ ಆದರೆ ಒಂದೊಂದಕ್ಕೂ ಪೂರ್ತಿ ನೂರು. ಪಟ್ಟಿಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿದರು, ಕಿತ್ತರೂ ಹಾರದಿರಲಿ ಅಂತ. ಕೆಲಸದವರನ್ನು ದೂರ ನಿಲ್ಲಿಸಿದರು. ಪಿಕಪ್ಪಿನ ಚಕ್ರದ ಮುಂದಿನ ಕೆಸರನ್ನು ಗುದ್ದಲಿಯಲ್ಲಿ ತೆಗೆದರು. ನನ್ನ ಪ್ರಕಾರ ಅವತ್ತು ಅರ್ಧ ಕೆಲಸ ಮಾಡಿದ್ದು ಆ ಗುದ್ದಲಿಯೇ. ಲೋ ಗೇರಿನಲ್ಲಿ ಒಂದೇ ಎಳೆತ, ಓಡಿಸಿಕೊಂಡು ಹೋಗದೆ. ಪಿಕಪ್ ಬಂತು.

ವರ್ಷದ ಮೇಲೆ ಬಿಚ್ಚಿ ನೋಡಿದಾಗ ಬೋಲ್ಟಿನ ಗೆರೆಗಳು ನೇರವಾಗಿದ್ದವು. ಬೆಸುಗೆಯಲ್ಲಿ ಬಿರುಕಿಲ್ಲ. ಆದರೆ ನೀರಿಳಿಯುವ ಮೂರು ತೂತಿನಲ್ಲಿ ಎರಡು ಕೆಸರಿನಿಂದ ಮುಚ್ಚಿಹೋಗಿದ್ದವು. ಕಾಫಿ ಕಡ್ಡಿಯಲ್ಲಿ ತಿವಿದರೆ ಒಳಗಿಂದ ಕಂದು ನೀರು ಒಂದು ಲೋಟದಷ್ಟು ಸುರಿಯಿತು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು, ಚಾನಲ್ ಅನ್ನೋ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ. ತೂತುಗಳನ್ನು 12 ಎಂಎಂಗೆ ದೊಡ್ಡದು ಮಾಡಿದೆವು.

ಬಣ್ಣ ಹೋಗಿದ್ದು ಮಾತ್ರ ನಾವು ಎಣಿಸದ ಜಾಗದಲ್ಲಿ. ಕಂಬಿಯ ಮೇಲ್ಮೈ 5 ಸೆಂಟಿಮೀಟರ್ ಅಗಲ, ಚಪ್ಪಟೆ. ಗೊಬ್ಬರದ ಚೀಲ ಹತ್ತಿಸುವವರು, ಇಳಿಸುವವರು ಎಲ್ಲ ಅದರ ಮೇಲೇ ಕಾಲಿಟ್ಟು ಹತ್ತುತ್ತಾರೆ. ಎಳೆಯೋಕೆ ವರ್ಷಕ್ಕೆ ನಾಲ್ಕು ಸಲ ಬಳಸಿದರೆ, ಮೆಟ್ಟಿಲಾಗಿ ದಿನಕ್ಕೆ ನಲವತ್ತು ಸಲ. ಮಳೆಯಲ್ಲಿ ಜಾರುತ್ತದೆ, ಅದರ ಮೇಲೊಂದು ಚೆಕ್ಕರ್ ಪ್ಲೇಟ್ (ಕಾಲು ಜಾರದ ಹಾಗೆ ಉಬ್ಬುಗೆರೆ ಇರುವ ತಗಡು) ಹಾಕಿಸು ಅಂತ ಭಾವ ಹೇಳುತ್ತಿದ್ದಾರೆ. ಮತ್ತೆ ಮೂರು ನಾಲ್ಕು ಕೆಜಿ ಆಗುತ್ತದೆ, ಮರಳು ಉದುರಿಸಿ ಬಣ್ಣ ಹೊಡೆದರೆ ಸಾಕು ಅಂದಿದ್ದೇನೆ. ಹೋದ ವಾರ ಹೋದಾಗ ನೋಡಿದೆ. ಶೆಡ್ಡಿನ ಮೂಲೆಯಲ್ಲಿ, ಸ್ಟೆಪ್ನಿ ಒರಗಿಸಿದ್ದ ಜಾಗದಲ್ಲೇ, ಒಂದು ತುಂಡು ಚೆಕ್ಕರ್ ಪ್ಲೇಟ್ ಬಂದು ಕೂತಿದೆ.